ಅನುಮಾನವಿಲ್ಲದ ಅನುಮಾನ

ಈ ಸ್ಮಾರಕ ಸಂಪುಟದ ಸಂಪಾದಕ ಮಂಡಳದವರು ಇತಿಹಾಸವಿಷಯಕವಾದ ಒಂದು ಲೇಖನವನ್ನು ಬರೆದುಕೊಡಬೇಕೆಂದು ನನಗೆ ಅಪ್ಪಣೆ ಮಾಡಿದರು. ಶಿಲಾಶಾಸನ, ತಾಮ್ರಪಟ, ಕಡತ, ಬಖೈರುಗಳನ್ನು ಕುರಿತು ಅಧಿಕಾರದಿಂದ ಬರೆಯಬಲ್ಲ ವಿದ್ವಾಂಸರು ನಮ್ಮಲ್ಲಿ ಅನೇಕರಿರುವದರಿಂದ, ಅವರ ಹೊಲದಲ್ಲಿ ನಾನು ನೇಗಿಲು ಹೂಡುವದು ಉಚಿತವಲ್ಲವೆಂದು ತೋರಿತು. ಆದುದರಿಂದ, ಯಾರೂ ಶಾಸನವೆಂದು ಎಣಿಸದ, ಮರುದಿನವೇ ಅಂಗಡಿಯವನ ಕೈಯಲ್ಲಿ ಬೆಲ್ಲದ ಪೊಟ್ಟಣವಾಗಿ ಹೋಗುವ ಒಂದು ವಸ್ತುವನ್ನು ಇಲ್ಲಿ ಪರೀಕ್ಷೆಗೆ ತೆಗೆದುಕೊಂಡಿದ್ದೇನೆ. ಅದು ಹಳೆಯ ವೃತ್ತಪತ್ರಿಕೆ; ಅದೂ ಒಂದೇ ದಿನದ್ದು, ಒಂದೇ ಪುಟದ್ದು.

ಪಾಠಶಾಲೆಯಲ್ಲಿ ತರ್ಕಸಂಗ್ರಹವನ್ನು ಉರುಹಾಕಿ ಬೆಳೆದವನಿಗೆ ಅಮೇರಿಕಾ ದೇಶದ ವೃತ್ತಪತ್ರಿಕೆಯ ಗೊಡವೆ ಏಕೆಂದು ವಾಚಕರು ಕೇಳಬಹುದು, ಕೇಳತಕ್ಕದ್ದೇ. ನಮ್ಮಲ್ಲಿ ಓದಿ ಹೋದ ಶಿಷ್ಯನೊಬ್ಬನು ಒಮ್ಮೆ ಒಂದು ಛಾಯಾಚಿತ್ರವನ್ನು ತಂದು ನನ್ನ ಮುಂದಿಟ್ಟನು. ಕನ್ನಡಕ ಧರಿಸಿದ ಪ್ರೌಢ ಗೃಹಸ್ಥರೊಬ್ಬರು ರೈಲುಗಾಡಿಯ ಹಿಂಬದಿಯ ಕಟ್ಟೆಯ ಮೇಲೆ ನಿಂತು, ಬಾಯ್ತುಂಬ ನಗುತ್ತ, ಒಂದು ವೃತ್ತಪತ್ರಿಕೆಯನ್ನು ಎರಡೂ ಕೈಗಳಿಂದ ಎತ್ತಿ ಹಿಡಿದಿದ್ದರು. ಪತ್ರಿಕೆಯ ನೆತ್ತಿಯ ಮೇಲೆ ದೊಡ್ಡ ದೊಡ್ಡ ಅಕ್ಷರಗಳಲ್ಲಿ ಮೂರೇ ಶಬ್ದಗಳಿದ್ದವು. "ಏನು ಬರೆದಿದೆ?" ಎಂದೆನು. "ಡ್ಯೂಯಿಯಿಂದ ಟ್ರುಮನ್ನನ ಪರಾಭವ ಎಂದಿದೆ, ಗುರುಗಳೆ" ಎಂದನು. "ಹಾಗಾದರೆ ಈ ನಗುತ್ತಿರುವ ಪುಣ್ಯಾತ್ಮರೇ ಡ್ಯೂಯಿಯೋ?" ಎಂದೆನು. "ಅಲ್ಲ, ಗುರುಗಳೆ, ಇವರೇ ಟ್ರುಮನ್" ಎಂದನು. ತನ್ನ ಸೋಲಿನ ವರ್ತಮಾನವನ್ನು ತಾನೇ ಎತ್ತಿ ಹಿಡಿದು ಇಷ್ಟು ಆನಂದಪಡುವದು ಪರಮಹಂಸರಿಗಲ್ಲದೆ ಸಾಧ್ಯವಿಲ್ಲವೆಂದುಕೊಂಡು ವಿಚಾರಿಸಲಾಗಿ, ಸೋತವರು ಆ ಗೃಹಸ್ಥರಲ್ಲ, ಆ ಪತ್ರಿಕೆಯೇ ಎಂದು ತಿಳಿದುಬಂತು.

ಆ ನಗುವಿನ ಮೂಲವನ್ನು ಹುಡುಕುತ್ತ ಹೋದಾಗ ದೊರೆತ ಸಂಗತಿಗಳನ್ನು ಇಲ್ಲಿ ಕ್ರಮವಾಗಿ ನಿವೇದಿಸುತ್ತೇನೆ. ಹಾಸ್ಯಕ್ಕೆ ಇವುಗಳಲ್ಲಿ ಕೊರತೆಯಿಲ್ಲ. ಆದರೆ ನಕ್ಕು ಮುಗಿದ ಮೇಲೆ ಬರೆಯುವವರೂ ಓದುವವರೂ ತಮ್ಮ ತಮ್ಮ ಎದೆಯನ್ನು ಮುಟ್ಟಿ ನೋಡಿಕೊಳ್ಳಬೇಕಾದ ಮಾತೂ ಒಂದಿದೆ.

ಪತ್ರಿಕೆಯ ಹೆಸರು 'ಚಿಕಾಗೋ ಡೇಲಿ ಟ್ರಿಬ್ಯೂನ್'. ತಾರೀಖು 1948ನೆಯ ನವಂಬರ 3, ಬುಧವಾರ. ಹಿಂದಿನ ದಿನ ಅಮೇರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ರಾಷ್ಟ್ರಾಧ್ಯಕ್ಷರ ಚುನಾವಣೆ ನಡೆದಿತ್ತು. ಆಗ ಅಧ್ಯಕ್ಷಪೀಠದಲ್ಲಿದ್ದವರು ಡೆಮೊಕ್ರಾಟಿಕ್ ಪಕ್ಷದ ಹ್ಯಾರಿ ಟ್ರುಮನ್ನರು. ಆ ಪೀಠಕ್ಕೆ ಜನರು ಅವರನ್ನು ಆರಿಸಿ ಕಳುಹಿಸಿರಲಿಲ್ಲ. 1945ನೆಯ ಏಪ್ರಿಲ್ 12ರಂದು ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟರು ತೀರಿಕೊಂಡದ್ದರಿಂದ ಉಪಾಧ್ಯಕ್ಷರಾಗಿದ್ದ ಇವರಿಗೆ ಅದು ಅಕಸ್ಮಾತ್ತಾಗಿ ಪ್ರಾಪ್ತವಾಗಿತ್ತು. ದೊಡ್ಡ ಆಲದ ಮರ ಉರುಳಿದ ಮೇಲೆ ಅದರ ಬುಡದಲ್ಲಿದ್ದ ಗಿಡವನ್ನು ಜನರು ಹೇಗೆ ನೋಡುವರೋ ಹಾಗೆಯೇ ದೇಶವು ಇವರನ್ನು ನೋಡುತ್ತಿತ್ತು. 1946ರ ಚುನಾವಣೆಯಲ್ಲಿ ಶಾಸನಸಭೆಯ ಎರಡೂ ಮನೆಗಳು ಎದುರು ಪಕ್ಷವಾದ ರಿಪಬ್ಲಿಕನರ ವಶವಾದವು. 1948ರ ಹೊತ್ತಿಗೆ ಇವರ ಸ್ವಂತ ಪಕ್ಷವೇ ಮೂರು ಹೋಳಾಯಿತು: ಸ್ಟ್ರಾಮ್ ಥರ್ಮಂಡರು ದಕ್ಷಿಣದ ಕೆಲವು ರಾಜ್ಯಗಳನ್ನು ಕಟ್ಟಿಕೊಂಡು ಬೇರೆ ನಿಂತರು, ಹಿಂದೆ ಉಪಾಧ್ಯಕ್ಷರಾಗಿದ್ದ ಹೆನ್ರಿ ವಾಲೇಸರು ಇನ್ನೊಂದು ಹೊಸ ಪಕ್ಷದ ಧ್ವಜ ಹಿಡಿದರು. ಎದುರಾಳಿಯಾದ ಥಾಮಸ್ ಡ್ಯೂಯಿಯವರಾದರೋ ನ್ಯೂಯಾರ್ಕ್ ರಾಜ್ಯದ ಗವರ್ನರರು. 1944ರಲ್ಲಿ ರೂಸ್‌ವೆಲ್ಟರೆದುರು ಸೋತಿದ್ದರೂ ಈ ಸಾರಿ ಅವರ ಗೆಲವು ಅಂಗೈಯ ನೆಲ್ಲಿಕಾಯಿಯೆಂದು ಎಲ್ಲರೂ ಭಾವಿಸಿದ್ದರು.

'ಎಲ್ಲರೂ' ಎಂಬ ಮಾತನ್ನು ನಾನು ಅಲಂಕಾರಕ್ಕಾಗಿ ಹೇಳಲಿಲ್ಲ. 'ನ್ಯೂಸ್‌ವೀಕ್' ಎಂಬ ವಾರಪತ್ರಿಕೆಯು ದೇಶದ ರಾಜಕೀಯ ಲೇಖಕರಲ್ಲಿ ಹೆಸರಾದ 50 ಮಂದಿಯನ್ನು ಆರಿಸಿ, ಯಾರು ಗೆಲ್ಲುವರೆಂದು ಕೇಳಿತು. 50 ಮಂದಿಯೂ ಡ್ಯೂಯಿ ಎಂದರು. ನಮ್ಮ ಪಾಠಶಾಲೆಯಲ್ಲಿ ಇಬ್ಬರು ಪಂಡಿತರು ಒಂದು ಸಮಾಸದ ವಿಗ್ರಹದ ಬಗೆಗೆ ಒಪ್ಪಿದ್ದನ್ನು ಕಂಡರಿಯದ ನನಗೆ ಈ ಐಕಮತ್ಯವು ಅದ್ಭುತವೆಂದೇ ತೋರುತ್ತದೆ. 'ಲೈಫ್' ಎಂಬ ಸಚಿತ್ರ ಪತ್ರಿಕೆಯು ಡ್ಯೂಯಿಯವರು ಸಾನ್ ಫ್ರಾನ್ಸಿಸ್ಕೋ ಕೊಲ್ಲಿಯಲ್ಲಿ ದೋಣಿಯಲ್ಲಿ ಸಾಗುತ್ತಿರುವ ಚಿತ್ರವನ್ನು ಮುದ್ರಿಸಿ, ಮುಂದಿನ ಅಧ್ಯಕ್ಷರು ಜಲಯಾನ ಮಾಡುತ್ತಿದ್ದಾರೆಂದು ಅದರ ಕೆಳಗೆ ಬರೆಯಿತು. ಚುನಾವಣೆ ಇನ್ನೂ ನಡೆದೇ ಇರಲಿಲ್ಲ! ಜನಾಭಿಪ್ರಾಯವನ್ನು ಲೆಕ್ಕಹಾಕಿ ಹೇಳುವ ವೃತ್ತಿಯವರಲ್ಲಿ ಎಲ್ಮೋ ರೋಪರ್ ಎಂಬವರು ಸಪ್ಟೆಂಬರ 9ಕ್ಕೇ ತಮ್ಮ ಲೆಕ್ಕದ ಪುಸ್ತಕವನ್ನು ಮುಚ್ಚಿದರು; ಇನ್ನು ಎಣಿಸಿ ಪ್ರಯೋಜನವೇನೆಂಬದು ಅವರ ಭಾವನೆ. ಟ್ರುಮನ್ನರೊಬ್ಬರು ಮಾತ್ರ ಇದಾವದನ್ನೂ ಒಪ್ಪದೆ ರೈಲುಗಾಡಿಯನ್ನೇ ಮನೆ ಮಾಡಿಕೊಂಡು, 20,000 ಮೈಲಿಗಳಿಗೂ ಮೀರಿ ಸುತ್ತಿ, ಗಾಡಿ ನಿಂತ ಸಣ್ಣ ಸಣ್ಣ ಊರುಗಳಲ್ಲೆಲ್ಲ ಹಿಂಬದಿಯ ಕಟ್ಟೆಯ ಮೇಲೆ ನಿಂತು ಜನರೊಡನೆ ಮಾತಾಡುತ್ತಿದ್ದರು. ಪಂಡಿತರು ಅದನ್ನು ಆರುವ ದೀಪದ ಕೊನೆಯ ಉರಿಯೆಂದು ಗಣಿಸಿದರು.

ಇನ್ನು ಟ್ರಿಬ್ಯೂನ್ ಪತ್ರಿಕೆಯ ವಿಷಯ. ರಾಬರ್ಟ್ ಮೆಕ್‌ಕಾರ್ಮಿಕ್ ಎಂಬ ಧನಿಕರ ಒಡೆತನದಲ್ಲಿದ್ದ ಆ ಪತ್ರಿಕೆಯು ಕಟ್ಟಾ ರಿಪಬ್ಲಿಕನ್ ಪಕ್ಷಪಾತಿ. ಟ್ರುಮನ್ನರನ್ನು ಮಂದಮತಿಯೆಂದು ಕರೆಯಲೂ ಅದು ಹೇಸಿರಲಿಲ್ಲ. ತನ್ನ ಹೆಸರಿನೊಡನೆ 'ಜಗತ್ತಿನ ಅತ್ಯುತ್ತಮ ವೃತ್ತಪತ್ರಿಕೆ' ಎಂಬ ಬಿರುದನ್ನೂ ಅದು ದಿನದಿನವೂ ಅಚ್ಚುಹಾಕಿಕೊಳ್ಳುತ್ತಿತ್ತು. ಬಿರುದನ್ನು ಬೇರೆಯವರು ಕೊಡಲೆಂದು ಕಾಯುತ್ತ ಕುಳಿತರೆ ತಡವಾದೀತೆಂದು ತಾನೇ ಇಟ್ಟುಕೊಂಡಿತೆಂದು ತೋರುತ್ತದೆ. ಅವಸರವು ಅದರ ರಕ್ತದಲ್ಲಿಯೇ ಇತ್ತು.

ಆದರೆ ಅಂದಿನ ಅವಸರಕ್ಕೆ ಬೇರೊಂದು ಕಾರಣವೂ ಇತ್ತು. 1947ರಲ್ಲಿ ರಿಪಬ್ಲಿಕನರ ಬಹುಮತವಿದ್ದ ಶಾಸನಸಭೆಯು ಟಾಫ್ಟ್–ಹಾರ್ಟ್ಲಿ ಕಾಯಿದೆಯೆಂಬದನ್ನು ಮಾಡಿ ಕಾರ್ಮಿಕ ಸಂಘಗಳ ಕೈಗಳನ್ನು ಬಿಗಿಯಿತು. ಅಧ್ಯಕ್ಷ ಟ್ರುಮನ್ನರು ಅದನ್ನು ನಿರಾಕರಿಸಿದರು. ಸಭೆಯು ಅವರ ನಿರಾಕರಣೆಯನ್ನು ಮೀರಿ ಕಾಯಿದೆಯನ್ನು ಸ್ಥಿರಗೊಳಿಸಿತು. ಅದನ್ನು ಪ್ರತಿಭಟಿಸಿ ಚಿಕಾಗೋ ನಗರದ ವೃತ್ತಪತ್ರಿಕೆಗಳಲ್ಲಿ ಅಚ್ಚಿನ ಮೊಳೆ ಜೋಡಿಸುವವರು ಅದೇ ವರ್ಷದ ನವಂಬರದಲ್ಲಿ ಮುಷ್ಕರ ಹೂಡಿದರು. ಒಂದು ವರ್ಷ ಕಳೆದರೂ ಮುಷ್ಕರ ಮುಗಿದಿರಲಿಲ್ಲ. ಪತ್ರಿಕೆಯವರು ಬೇರೆ ದಾರಿ ಕಾಣದೆ ಬರೆಹವನ್ನೆಲ್ಲ ಟೈಪುರೈಟರಿನಲ್ಲಿ ಹೊಡೆದು, ಹಾಳೆಗೆ ಅಂಟಿಸಿ, ಅದರ ಛಾಯಾಚಿತ್ರ ತೆಗೆದು, ಆ ಚಿತ್ರದಿಂದ ಅಚ್ಚಿನ ಫಲಕವನ್ನು ಕೊರೆಯಿಸುತ್ತಿದ್ದರು. ಇದಕ್ಕೆ ಮೊದಲಿಗಿಂತ ಎಷ್ಟೋ ತಾಸು ಹೆಚ್ಚು ಬೇಕಾಗುತ್ತಿತ್ತು. ಆದುದರಿಂದ ಮೊದಲ ಆವೃತ್ತಿಯ ತಲೆಬರಹವನ್ನು ಮತಗಳ ಎಣಿಕೆ ಸಾಕಷ್ಟು ಆಗುವ ಮುನ್ನವೇ ನಿಶ್ಚಯಿಸಬೇಕಾಯಿತು.

ಕರ್ಮಸೂತ್ರದ ವೈಚಿತ್ರ್ಯವನ್ನು ವಾಚಕರು ಗಮನಿಸಬೇಕು. ಟ್ರುಮನ್ನರು ಬೇಡವೆಂದ ಕಾಯಿದೆಯಿಂದ ಮುಷ್ಕರ, ಮುಷ್ಕರದಿಂದ ಅವಸರ, ಅವಸರದಿಂದ ತಪ್ಪು ತಲೆಬರಹ, ಆ ತಲೆಬರಹದಿಂದ ಟ್ರುಮನ್ನರ ಕೈಗೆ ಅಜರಾಮರವಾದ ಒಂದು ಛಾಯಾಚಿತ್ರ. ಪುರಾಣದಲ್ಲಿ ಇಂಥ ಕಥೆ ಬಂದರೆ ಕವಿಯು ಕಟ್ಟಿದ್ದೆಂದು ನಾವು ಹೇಳುತ್ತಿದ್ದೆವು.

ತಲೆಬರಹವನ್ನು ನಿಶ್ಚಯಿಸುವ ಭಾರವು ವ್ಯವಸ್ಥಾಪಕ ಸಂಪಾದಕರ ಮೇಲೆ ಬಿತ್ತು. ಅವರು ವಾಷಿಂಗ್ಟನ್ನಿನಲ್ಲಿದ್ದ ತಮ್ಮ ಹಿರಿಯ ಬಾತ್ಮಿದಾರರಾದ ಆರ್ಥರ್ ಸಿಯರ್ಸ್ ಹೆನಿಂಗರ ಮಾತನ್ನು ನಂಬಿದರು. ಹೆನಿಂಗರು ಅಲ್ಪರಲ್ಲ, ಹಿಂದಿನ 20 ವರ್ಷಗಳ ಐದು ಅಧ್ಯಕ್ಷ ಚುನಾವಣೆಗಳಲ್ಲಿ ನಾಲ್ಕರ ಫಲವನ್ನು ಸರಿಯಾಗಿ ನುಡಿದವರು. ಡ್ಯೂಯಿಯವರೇ ಗೆಲ್ಲುವರೆಂದು ಅವರು ಆ ರಾತ್ರಿ ದೃಢವಾಗಿ ಹೇಳಿದರು. ಮುದ್ರಣಯಂತ್ರವು ತಿರುಗಿತು. ತಪ್ಪು ಗೊತ್ತಾಗುವಷ್ಟರಲ್ಲಿ ಸುಮಾರು 1,50,000 ಪ್ರತಿಗಳು ಹೊರಬಿದ್ದಿದ್ದವು.

ಈಗ ಆ ಪುಟವನ್ನೇ ಎದುರಿಗಿಟ್ಟುಕೊಳ್ಳೋಣ. ನೆತ್ತಿಯ ಮೇಲೆ, ಹಿಂದೆ ಹೇಳಿದ ಮೂರು ಶಬ್ದಗಳು. ಕೆಳಗೆ ಹೆನಿಂಗರ ಹೆಸರುಳ್ಳ ಮುಖ್ಯ ಲೇಖನ. ರಿಪಬ್ಲಿಕನ್ ಪಕ್ಷವು ಮರಳಿ ಶ್ವೇತಭವನಕ್ಕೆ ಬಂತೆಂದೂ, ಅಂತರವು ಗಣನೀಯವಾಗುವದೆಂದೂ ಅದರ ತಲೆಬರಹಗಳು ಸಾರುತ್ತವೆ. ಇನ್ನೊಂದು ಕಡೆ, ಚಿಕಾಗೋ ನಗರವಿರುವ ಇಲಿನಾಯ್ ರಾಜ್ಯದಲ್ಲಿಯೂ ರಿಪಬ್ಲಿಕನರದೇ ದಿಗ್ವಿಜಯವೆಂಬ ಸೂಚನೆ. ಮತ್ತೊಂದು ಕಡೆ, ಸೆನೇಟಿನಲ್ಲಿಯೂ ಮೊದಲ ಎಣಿಕೆಯ ಪ್ರಕಾರ ಅವರದೇ ಮೇಲುಗೈ. ಪುಟವನ್ನೋದಿದವನಿಗೆ ಡೆಮೊಕ್ರಾಟಿಕ್ ಪಕ್ಷದ ಉತ್ತರಕ್ರಿಯೆಯೊಂದೇ ಉಳಿದಿದೆಯೆಂದು ತೋರಬೇಕು.

ನಿಜವಾಗಿ ನಡೆದದ್ದನ್ನು ಒಂದೊಂದಾಗಿ ಪಕ್ಕದಲ್ಲಿಟ್ಟು ನೋಡಿದರೆ, ಟ್ರುಮನ್ನರಿಗೆ ಸುಮಾರು 2 ಕೋಟಿ 42 ಲಕ್ಷ ಮತಗಳು ಬಂದವು, ಡ್ಯೂಯಿಯವರಿಗೆ ಸುಮಾರು 2 ಕೋಟಿ 20 ಲಕ್ಷ. ಆ ದೇಶದ ಪದ್ಧತಿಯಂತೆ ಅಂತಿಮ ನಿರ್ಣಯ ಮಾಡುವ 531 ಪ್ರತಿನಿಧಿಮತಗಳಲ್ಲಿ ಟ್ರುಮನ್ನರಿಗೆ 303, ಡ್ಯೂಯಿಯವರಿಗೆ 189, ಥರ್ಮಂಡರಿಗೆ 39 ದೊರೆತವು. ಸೆನೇಟಿನಲ್ಲಿಯೂ ಕೆಳಮನೆಯಲ್ಲಿಯೂ ಬಹುಮತವು ಡೆಮೊಕ್ರಾಟರ ಪಾಲಾಯಿತು. ಇಲಿನಾಯ್ ರಾಜ್ಯದಲ್ಲಿ ಟ್ರುಮನ್ನರೇ ಗೆದ್ದರು. ಅಷ್ಟೇ ಅಲ್ಲ, ಅಲ್ಲಿಯ ಗವರ್ನರ ಪದವಿಗೆ ನಿಂತ ಡೆಮೊಕ್ರಾಟರಾದ ಅಡ್ಲೈ ಸ್ಟೀವನ್‌ಸನ್ನರು 5 ಲಕ್ಷಕ್ಕೂ ಮೀರಿದ ಅಂತರದಿಂದ ಆರಿಸಿಬಂದರು. ಆ ಪುಟದ ದೊಡ್ಡ ಅಕ್ಷರಗಳಲ್ಲಿದ್ದ ಭವಿಷ್ಯಗಳೆಲ್ಲ ಬಿದ್ದುಹೋದವು. ಬಾಯಲ್ ಎಂಬ ಡೆಮೊಕ್ರಾಟ ವಕೀಲರು ನಗರದಲ್ಲಿ ಮುಂದಿದ್ದಾರೆಂದು ಒಂದು ಚಿಕ್ಕ ತಲೆಬರಹವಿತ್ತು. ಅವರು ಮಾತ್ರ ತಮ್ಮ ಪದವಿಗೆ ನಿಜವಾಗಿಯೂ ಆರಿಸಿಬಂದರು. ಸತ್ಯವು ಅಂದು ಆ ಪುಟದಲ್ಲಿ ಮೂಲೆಯಲ್ಲಿ ಕುಳಿತ ಬಡ ನೆಂಟನಂತೆ ಅಡಗಿಕೊಂಡಿತ್ತು.

ಇನ್ನೊಂದು ಸೊಗಸನ್ನು ಹೇಳದೆ ಬಿಡಲಾರೆನು. ಅವಸರದಲ್ಲಿ ಅಂಟಿಸಿದ್ದರಿಂದ ಆ ಆವೃತ್ತಿಯ ಒಂದು ಲೇಖನದಲ್ಲಿ ಐದು ಪಂಕ್ತಿಗಳು ತಲೆಕೆಳಗಾಗಿ ಅಚ್ಚಾದವು. ಅಂದಿನ ಸ್ಥಿತಿಗೆ ಯಥಾರ್ಥವಾಗಿ ಹೊಂದುವ ಪಂಕ್ತಿಗಳು ಆ ಐದೇ ಎಂದು ನನ್ನ ಮತ.

ಇತ್ತ ಸೋತರೆಂದು ಅಚ್ಚಾದ ಟ್ರುಮನ್ನರು ಆ ರಾತ್ರಿ ಮಾಡಿದ್ದೇನು? ತಮ್ಮ ರಾಜ್ಯವಾದ ಮಿಸೌರಿಯ ಎಕ್ಸೆಲ್ಸಿಯರ್ ಸ್ಪ್ರಿಂಗ್ಸ್ ಎಂಬ ಊರಿಗೆ ಹೋಗಿ, ಅಲ್ಪಾಹಾರ ಮಾಡಿ ಮಲಗಿಬಿಟ್ಟರು. ನಡುರಾತ್ರಿ ಎಚ್ಚರವಾದಾಗ ರೇಡಿಯೋದಲ್ಲಿ ಕಾಲ್ಟನ್‌ಬಾರ್ನ್ ಎಂಬ ಪ್ರಸಿದ್ಧ ವ್ಯಾಖ್ಯಾನಕಾರರ ಧ್ವನಿ ಕೇಳಿಸಿತು. ಟ್ರುಮನ್ನರು ಹತ್ತು ಲಕ್ಷ ಮತಗಳಿಂದ ಮುಂದಿದ್ದಾರೆ. ಆದರೂ ಹಳ್ಳಿಗಾಡಿನ ಮತಗಳು ಬಂದ ಮೇಲೆ ಸೋಲುತ್ತಾರೆ—ಇದು ಅವರ ವ್ಯಾಖ್ಯಾನದ ತಾತ್ಪರ್ಯ. ಟ್ರುಮನ್ನರು ಮತ್ತೆ ಮಲಗಿದರು. ಬೆಳಗಾಯಿತು. ಡ್ಯೂಯಿಯವರು ಬುಧವಾರ ಮಧ್ಯಾಹ್ನಕ್ಕೆ ಮುಂಚೆಯೇ ತಮ್ಮ ಸೋಲನ್ನು ಒಪ್ಪಿಕೊಂಡರು. ಮರುದಿನ, ನವಂಬರ 4ರಂದು, ರಾಜಧಾನಿಗೆ ಹೊರಟ ಟ್ರುಮನ್ನರ ಗಾಡಿಯು ಸೇಂಟ್ ಲೂಯಿಸ್ ನಿಲ್ದಾಣದಲ್ಲಿ ನಿಂತಾಗ ಯಾರೋ ಆ ಟ್ರಿಬ್ಯೂನ್ ಪ್ರತಿಯೊಂದನ್ನು ಅವರ ಕೈಗಿತ್ತರು. ಅವರು ಅದನ್ನು ಎತ್ತಿ ಹಿಡಿದು ನಕ್ಕರು. ಛಾಯಾಗ್ರಾಹಕರು ಆ ನಗುವನ್ನು ಸೆರೆಹಿಡಿದರು. ನನ್ನ ಶಿಷ್ಯನು ತಂದು ತೋರಿಸಿದ ಚಿತ್ರವು ಇದೇ.

ಇಲ್ಲಿಗೆ ಕಥೆಯಾಯಿತು, ಇನ್ನು ವಿಚಾರ. ಇಷ್ಟು ಮಂದಿ ಬುದ್ಧಿವಂತರು ಏಕಕಾಲಕ್ಕೆ ಎಡವಿದ್ದು ಹೇಗೆ? ಪಾಠಶಾಲೆಯ ಮೊದಲನೆಯ ವರ್ಷದ ವಿದ್ಯಾರ್ಥಿಯೂ ಬಲ್ಲ ಪ್ರಮಾಣವಿಚಾರವನ್ನು ಇಲ್ಲಿ ಸ್ಮರಿಸಿಕೊಳ್ಳಬೇಕು. ಕಣ್ಣಾರೆ ಕಂಡದ್ದು ಪ್ರತ್ಯಕ್ಷ. ಹೊಗೆಯನ್ನು ಕಂಡು ಬೆಂಕಿಯುಂಟೆಂದು ಊಹಿಸಿ ನಿಶ್ಚಯಿಸುವದು ಅನುಮಾನ. ಯಥಾರ್ಥವನ್ನು ನುಡಿಯುವ ಆಪ್ತನ ಮಾತು ಶಬ್ದಪ್ರಮಾಣ. ವೃತ್ತಪತ್ರಿಕೆಯು ಓದುವವನಿಗೆ ಶಬ್ದಪ್ರಮಾಣ. 'ಪರಾಭವವಾಯಿತು' ಎಂದು ಅಚ್ಚಾದರೆ, ಯಾರೋ ಎಣಿಸಿ, ಕಂಡು, ಬರೆದಿದ್ದಾರೆಂದು ಅವನು ನಂಬುತ್ತಾನೆ. ಆದರೆ ಅಂದು ಟ್ರಿಬ್ಯೂನ್ ಕಾರ್ಯಾಲಯದಲ್ಲಿದ್ದದ್ದು ಪ್ರತ್ಯಕ್ಷವಲ್ಲ, ಬರಿಯ ಅನುಮಾನ. ಅನುಮಾನಕ್ಕೆ ಪ್ರತ್ಯಕ್ಷದ ಅಂಗಿ ತೊಡಿಸಿ, ಆಪ್ತವಾಕ್ಯದ ಪೀಠದಲ್ಲಿ ಕೂಡಿಸಿದರು.

ಅನುಮಾನವೂ ನಿರ್ದುಷ್ಟವಾಗಿರಲಿಲ್ಲ. ಹೊಗೆಯಿದ್ದಲ್ಲೆಲ್ಲ ಬೆಂಕಿಯುಂಟು, ಆದರೆ ಬೆಂಕಿಯಿದ್ದಲ್ಲೆಲ್ಲ ಹೊಗೆಯುಂಟೆಂದು ಹೇಳಲಾಗದು, ಏಕೆಂದರೆ ಅದಕ್ಕೆ ಹಸಿ ಕಟ್ಟಿಗೆಯೆಂಬ ಉಪಾಧಿ ಬೇಕು. ಹೆನಿಂಗರು ನಾಲ್ಕು ಸಾರಿ ಸರಿಯಾಗಿ ಹೇಳಿದ್ದರೆಂಬದರಿಂದ ಅವರು ಹೇಳಿದ್ದೆಲ್ಲ ಸರಿಯೆಂಬ ವ್ಯಾಪ್ತಿ ಸಿದ್ಧವಾಗುವದಿಲ್ಲ; ಅಲ್ಲಿಯೂ ಯಾವದೋ ಹಸಿ ಕಟ್ಟಿಗೆ ಇದ್ದಿರಬೇಕು. ನಮ್ಮ ಕನ್ನಡದಲ್ಲಿ ಒಂದು ವಿನೋದವಿದೆ: ಶಾಸ್ತ್ರದಲ್ಲಿ 'ಅನುಮಾನ'ವೆಂದರೆ ಯುಕ್ತಿಯಿಂದ ಮಾಡಿದ ನಿಶ್ಚಯ, ಆಡುಮಾತಿನಲ್ಲಿ 'ಅನುಮಾನ'ವೆಂದರೆ ಸಂಶಯ. ನಾನು ಬಾಲ್ಯದಲ್ಲಿ ಇದನ್ನು ಜನರ ಅಜ್ಞಾನವೆಂದುಕೊಂಡಿದ್ದೆನು. ಈಗ ಅದು ಜನರ ವಿವೇಕವೆಂದು ತೋರುತ್ತದೆ. ಊಹಿಸಿ ತಿಳಿದದ್ದರ ಪಕ್ಕದಲ್ಲಿಯೇ ಸಂಶಯಕ್ಕೂ ಒಂದು ಮಣೆ ಹಾಕಿಡಬೇಕೆಂದು ಕನ್ನಡಿಗರ ನಾಲಗೆಯು ಎರಡಕ್ಕೂ ಒಂದೇ ಹೆಸರಿಟ್ಟಿತೋ ಏನೋ. ಚಿಕಾಗೋದವರಿಗೆ ಶಾಸ್ತ್ರದ ಅನುಮಾನವಿತ್ತು, ಆಡುಮಾತಿನ ಅನುಮಾನವಿರಲಿಲ್ಲ. ಅವರ ಅನರ್ಥಕ್ಕೆಲ್ಲ ಇದೇ ಮೂಲ.

ಜನಾಭಿಪ್ರಾಯದ ಗಣಕರ ಕಥೆಯು ಇದಕ್ಕೆ ಇನ್ನೊಂದು ಸಾಕ್ಷಿ. 1936ರಲ್ಲಿ 'ಲಿಟರರಿ ಡೈಜೆಸ್ಟ್' ಎಂಬ ಪತ್ರಿಕೆಯು ಸುಮಾರು ಒಂದು ಕೋಟಿ ಜನರಿಗೆ ಕಾಗದ ಕಳುಹಿಸಿ, 20 ಲಕ್ಷಕ್ಕೂ ಹೆಚ್ಚು ಉತ್ತರಗಳನ್ನು ಪಡೆದು, ರೂಸ್‌ವೆಲ್ಟರು ಸೋಲುವರೆಂದು ಸಾರಿತು. ಅವರು 48 ರಾಜ್ಯಗಳಲ್ಲಿ 46ನ್ನು ಗೆದ್ದರು. ಜಾರ್ಜ್ ಗ್ಯಾಲಪ್ ಎಂಬವರು ಅದಕ್ಕಿಂತ ಎಷ್ಟೋ ಕಡಮೆ ಜನರನ್ನು ಕೇಳಿಯೂ ಗೆಲ್ಲುವವರನ್ನು ಸರಿಯಾಗಿ ಹೇಳಿ ಕೀರ್ತಿವಂತರಾದರು. ಹನ್ನೆರಡು ವರ್ಷಗಳ ಮೇಲೆ ಅದೇ ಗ್ಯಾಲಪ್ಪರ ಕೊನೆಯ ಲೆಕ್ಕವು ಡ್ಯೂಯಿಯವರಿಗೆ ನೂರಕ್ಕೆ 49.5, ಟ್ರುಮನ್ನರಿಗೆ 44.5 ಎಂದು ಹೇಳಿತು. ಬಂದ ಫಲವೆಂದರೆ ಟ್ರುಮನ್ನರಿಗೆ 49.6, ಡ್ಯೂಯಿಯವರಿಗೆ 45.1. ಅಂಕಿಗಳು ಬಹುತೇಕ ಸರಿಯಾಗಿಯೇ ಇದ್ದವು. ಹೆಸರುಗಳು ಮಾತ್ರ ಅದಲುಬದಲು! ಜಾತಕ ಸರಿಯಾಗಿದ್ದು ವರನೇ ಬದಲಾದಂತಾಯಿತು.

ಈ ತಪ್ಪಿನ ಕಾರಣಗಳನ್ನು ಶೋಧಿಸಲು ಅಲ್ಲಿಯ ಸಮಾಜವಿಜ್ಞಾನ ಸಂಶೋಧನ ಪರಿಷತ್ತು ವಿದ್ವಾಂಸರ ಒಂದು ಸಮಿತಿಯನ್ನು ನಿಯಮಿಸಿ 1949ರಲ್ಲಿ ವರದಿಯನ್ನು ಪ್ರಕಟಿಸಿತು. ಅದರಲ್ಲಿ ಹೊರಬಿದ್ದ ದೋಷಗಳಲ್ಲಿ ಎರಡು ಮುಖ್ಯ. ಮೊದಲನೆಯದು, ಗಣಕರು ಬಹಳ ಬೇಗ ಕೇಳುವದನ್ನು ನಿಲ್ಲಿಸಿಬಿಟ್ಟರು. ಕೊನೆಯ ದಿನಗಳಲ್ಲಿ ಮನಸ್ಸನ್ನು ಬದಲಿಸಿದವರ ಸುದ್ದಿ ಅವರಿಗೆ ಹತ್ತಲಿಲ್ಲ. ಎರಡನೆಯದು, ಕೇಳಲು ಹೋದವರಿಗೆ ಇಷ್ಟು ಗಂಡಸರು, ಇಷ್ಟು ಹೆಂಗಸರು, ಇಷ್ಟು ಬಡವರು, ಇಷ್ಟು ಸಿರಿವಂತರೆಂದು ಸಂಖ್ಯೆಯನ್ನು ಕೊಟ್ಟು, ಆ ಸಂಖ್ಯೆಯೊಳಗೆ ಯಾರನ್ನು ಕೇಳಬೇಕೆಂಬದನ್ನು ಅವರ ಇಚ್ಛೆಗೆ ಬಿಟ್ಟಿದ್ದರು. ಇಚ್ಛೆಗೆ ಬಿಟ್ಟರೆ ಮನುಷ್ಯನು ಸುಲಭವಾಗಿ ಸಿಗುವವನನ್ನೇ ಕೇಳುತ್ತಾನೆ. ಕೆಸರಿನ ದಾರಿ ತುಳಿದು ದೂರದ ಗುಡಿಸಲಿನ ಬಾಗಿಲನ್ನು ಬಡಿಯುವದಿಲ್ಲ.

ಈ ಪ್ರಹಸನದ ತಿರುಳು ಇರುವದು ಇಲ್ಲಿಯೇ. ಹಳ್ಳಿಗಾಡಿನ ಮತಗಳು ಬಂದ ಮೇಲೆ ಟ್ರುಮನ್ನರು ಸೋಲುತ್ತಾರೆಂದು ರೇಡಿಯೋದ ಪಂಡಿತರು ಹೇಳುತ್ತಿದ್ದರಷ್ಟೆ? ಒಕ್ಕಲಿಗರು ಎಂದಿನಂತೆ ರಿಪಬ್ಲಿಕನರ ಕಡೆಗೇ ಇರುವರೆಂಬ ಊಹೆಯಿಂದ ಬಂದ ಮಾತದು. ಆದರೆ ಆ ವರ್ಷ ಮುಸುಕಿನ ಜೋಳದ ಬೆಳೆ ಹುಲುಸಾಗಿ ಬಂದು, ಧಾರಣೆ ಬಹಳವಾಗಿ ಇಳಿದಿತ್ತು. ಸರಕಾರದ ಬೆಂಬಲ ಬೆಲೆ ದೊರೆಯಬೇಕಾದರೆ ಕಾಳನ್ನು ತಕ್ಕ ಕಣಜದಲ್ಲಿ ಇಡಬೇಕು. ಸರಕಾರಿ ಸಂಸ್ಥೆಯು ಹೊಸ ಕಣಜಗಳನ್ನು ಮಾಡಿಕೊಳ್ಳದಂತೆ ರಿಪಬ್ಲಿಕನರ ಶಾಸನಸಭೆಯು ಅದೇ ವರ್ಷ ನಿರ್ಬಂಧಿಸಿತ್ತು. ಕಣ್ಣೆದುರಿಗೆ ರಾಶಿ ಬಿದ್ದಿದ್ದರೂ ಇಡಲು ಸ್ಥಳವಿಲ್ಲದ ಒಕ್ಕಲಿಗನ ಸಂಕಟವೇನೆಂಬದನ್ನು ನಮ್ಮ ನಾಡಿನ ವಾಚಕರಿಗೆ ನಾನು ವಿವರಿಸಬೇಕಾಗಿಲ್ಲ. ಟ್ರುಮನ್ನರು ರೈಲಿನ ಕಟ್ಟೆಯ ಮೇಲೆ ನಿಂತು ಊರೂರಿನಲ್ಲಿ ಆಡಿದ ಮಾತುಗಳಲ್ಲಿ ಈ ಕಣಜದ ಮಾತೂ ಒಂದಾಗಿತ್ತು. 1944ರಲ್ಲಿ ಡ್ಯೂಯಿಯವರನ್ನು ಒಪ್ಪಿದ್ದ ಒಹಾಯೋ, ಅಯೋವಾ, ವಿಸ್ಕಾನ್ಸಿನ್ ರಾಜ್ಯಗಳು 1948ರಲ್ಲಿ ಅವರ ಕೈಬಿಟ್ಟವು. ಒಹಾಯೋದಲ್ಲಿ ಅಂತರವು ಕೇವಲ 7,107 ಮತಗಳದು, ಕ್ಯಾಲಿಫೋರ್ನಿಯಾದಲ್ಲಿ 17,865, ಇಲಿನಾಯ್‌ದಲ್ಲಿ 33,612. ಮೂರೂ ಸೇರಿ 60,000ವೂ ಆಗದು. ಈ ಮೂರು ರಾಜ್ಯಗಳು ಆಚೆ ವಾಲಿದ್ದರೆ ಡ್ಯೂಯಿಯವರಿಗೆ 267 ಪ್ರತಿನಿಧಿಮತಗಳಾಗಿ, ಬೇಕಾದ 266ನ್ನು ಮೀರಿ, ಟ್ರಿಬ್ಯೂನಿನ ತಲೆಬರಹವು ನಿಜವಾಗುತ್ತಿತ್ತು. ಎಂದರೆ ತಪ್ಪಾದದ್ದು ಕೂದಲೆಳೆಯ ಅಂತರದಿಂದ. ಆದರೆ ಆ ಕೂದಲೆಳೆಯು ಯಾರು? ಯಾವ ಪಂಡಿತನೂ ಬಾಗಿಲು ತಟ್ಟಿ ಕೇಳದಿದ್ದ ಜನ. ಅವರ ಮಾತನ್ನು ಕೇಳದೆಯೇ ಅವರ ಉತ್ತರವನ್ನು ಬರೆದುಕೊಂಡದ್ದು ಲೆಕ್ಕದ ದೋಷವಷ್ಟೇ ಅಲ್ಲ. ಧರ್ಮದ ದೋಷವೂ ಹೌದು. ಅವರವರ ನಿರ್ಣಯವನ್ನು ಅವರವರು ಹೇಳುವವರೆಗೆ ಕಾಯುವದೇ ಗೌರವವೆನಿಸುತ್ತದೆ.

ತಪ್ಪಿದವರು ತಪ್ಪನ್ನು ಒಪ್ಪಿಕೊಂಡ ಬಗೆಯೂ ಕೇಳುವಂತಿದೆ. ಆ ನಾಡಿನ ನುಡಿಯಲ್ಲಿ, ಹೇಳಿದ ಮಾತು ಹುಸಿಯಾಗಿ ತಲೆತಗ್ಗಿಸಬೇಕಾದವನನ್ನು 'ಕಾಗೆಯನ್ನು ತಿಂದನು' ಎನ್ನುತ್ತಾರೆ. ಟ್ರುಮನ್ನರು ರಾಜಧಾನಿಗೆ ಮರಳಿದಾಗ 'ವಾಷಿಂಗ್ಟನ್ ಪೋಸ್ಟ್' ಪತ್ರಿಕೆಯವರು, ತಾವು ಬಡಿಸಿದಾಗ ಕಾಗೆಯನ್ನು ತಿನ್ನಲು ನಾವು ಸಿದ್ಧರೆಂಬ ಅರ್ಥದ ಫಲಕವನ್ನು ತಮ್ಮ ಕಟ್ಟಡಕ್ಕೆ ತೂಗುಹಾಕಿದರು. ಅದರ ಔತಣಕ್ಕೂ ಅವರನ್ನು ಆಮಂತ್ರಿಸಿದರು. ಯಾರೂ ಕಾಗೆಯನ್ನು ತಿನ್ನುವದನ್ನು ನೋಡುವ ಇಚ್ಛೆ ತಮಗಿಲ್ಲವೆಂದು ಟ್ರುಮನ್ನರು ನಯವಾಗಿ ಉತ್ತರಿಸಿದರಂತೆ. ನಮ್ಮ ಮಠದ ಪಂಕ್ತಿಯಲ್ಲಿ ಆ ಭಕ್ಷ್ಯಕ್ಕೆ ಎಡೆಯಿಲ್ಲದಿದ್ದರೂ, ತಪ್ಪಿದಾಗ ಬಾಗಿಲಿಗೆ ಫಲಕ ಕಟ್ಟಿ ಒಪ್ಪಿಕೊಳ್ಳುವ ಆ ಎದೆಗಾರಿಕೆಯನ್ನು ಕಲಿತುಕೊಳ್ಳಲು ಅಡ್ಡಿಯೇನೂ ಇಲ್ಲ. ಟ್ರಿಬ್ಯೂನ್‌ದವರೂ ಕಡೆಗೆ ನಗಲು ಕಲಿತರು: ಆ ಚುನಾವಣೆಯ 25ನೆಯ ವರ್ಷಕ್ಕೆ ಅದೇ ತಲೆಬರಹದ ಒಂದು ಸ್ಮಾರಕಫಲಕವನ್ನು ಮಾಡಿಸಿ ಟ್ರುಮನ್ನರಿಗೆ ಅರ್ಪಿಸಬೇಕೆಂದಿದ್ದರು. ಅಷ್ಟರಲ್ಲಿ, 1972ನೆಯ ಡಿಸೆಂಬರ 26ರಂದು, ಟ್ರುಮನ್ನರು ಕಾಲವಾದರು. ಮೊದಲ ಸಾರಿ ಆ ಪತ್ರಿಕೆಯು ಬಹು ಬೇಗ ಬಂತು. ಎರಡನೆಯ ಸಾರಿ ತಡವಾಗಿ.

ಇತಿಹಾಸವನ್ನು ಬರೆಯುವವನಿಗೆ ಈ ಪುಟದಿಂದ ಏನು ಪ್ರಯೋಜನ? ಗಂಗರ ಹೆಸರಿನ ತಾಮ್ರಶಾಸನಗಳಲ್ಲಿ ಅನೇಕವು ಕೂಟಶಾಸನಗಳೆಂದು ಫ್ಲೀಟರು ವಾದಿಸಿದ್ದರು. ರೈಸರು ಅದನ್ನು ಒಪ್ಪಲಿಲ್ಲ. ಆ ವಾದದ ನಿರ್ಣಯ ನನ್ನ ಕೆಲಸವಲ್ಲ. ಆದರೆ ಕೂಟಶಾಸನವೂ ಬರಿಯ ಕಸವಲ್ಲವೆಂಬದು ಶಾಸನಜ್ಞರಿಗೆ ಗೊತ್ತಿದ್ದ ಮಾತು. ಅದು ಯಾವ ಕಾಲದ್ದೆಂದು ಹೇಳಿಕೊಳ್ಳುವದೋ ಆ ಕಾಲದ ವಿಷಯದಲ್ಲಿ ಸುಳ್ಳುಸಾಕ್ಷಿ. ಅದನ್ನು ಬರೆಯಿಸಿದವನ ಕಾಲದ ವಿಷಯದಲ್ಲಿ ನಿಜಸಾಕ್ಷಿ. ಟ್ರಿಬ್ಯೂನಿನ ಪುಟವನ್ನು ಬರೆದವರಲ್ಲಿ ಮೋಸದ ಬುದ್ಧಿಯಿರಲಿಲ್ಲ. ಆದರೂ ಅದನ್ನು ಓದುವ ಕ್ರಮ ಇದೇ. ನವಂಬರ 2ರಂದು ಏನು ನಡೆಯಿತೆಂದು ಕೇಳಿದರೆ ಅದು ತಪ್ಪು ಹೇಳುತ್ತದೆ. ಆ ರಾತ್ರಿ ಬಲ್ಲವರ ಮನಸ್ಸಿನಲ್ಲಿ ಏನಿತ್ತೆಂದು ಕೇಳಿದರೆ ಅದಕ್ಕಿಂತ ಪ್ರಾಮಾಣಿಕವಾದ ದಾಖಲೆ ಬೇರೊಂದಿಲ್ಲ. ಗೆದ್ದ ಮೇಲೆ ಎಲ್ಲರೂ 'ನಮಗೆ ಮೊದಲೇ ಗೊತ್ತಿತ್ತು' ಎನ್ನುವರು. ಹಳೆಯ ಪತ್ರಿಕೆಯೊಂದೇ ಆ ಮಾತನ್ನಾಡಲಾರದು, ಅಚ್ಚಾದದ್ದು ಅಚ್ಚಾಯಿತು.

ಪರರನ್ನು ನಕ್ಕವನು ತನ್ನ ಕಥೆಯನ್ನೂ ಹೇಳಿಕೊಳ್ಳಬೇಕೆಂಬದು ನ್ಯಾಯ. ಬಹು ವರ್ಷಗಳ ಕೆಳಗೆ ಒಂದೂರಿನ ರಥೋತ್ಸವದ ವರದಿಯನ್ನು ಒಂದು ಪತ್ರಿಕೆಗೆ ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಟಪಾಲು ತಪ್ಪೀತೆಂಬ ಅವಸರದಿಂದ ಹಿಂದಿನ ದಿನವೇ ಕುಳಿತು ಬರೆದುಬಿಟ್ಟೆನು: ಅಪಾರ ಜನಸ್ತೋಮದ ಜಯಘೋಷದ ನಡುವೆ ರಥವು ನಿರ್ವಿಘ್ನವಾಗಿ ಪಾದಗಟ್ಟೆಯನ್ನು ಮುಟ್ಟಿ ಮರಳಿತೆಂದು. ಮರುದಿನ ಮಧ್ಯಾಹ್ನ ಮಳೆ ಹಿಡಿಯಿತು. ತೇರಿನ ಗಾಲಿಯು ಮೊಳದಷ್ಟು ಕೆಸರಿನಲ್ಲಿ ಹೂತು, ರಥವು ಬೀದಿಯ ನಡುವೆ ಎರಡು ದಿನ ನಿಂತುಬಿಟ್ಟಿತು. ಮೂರನೆಯ ದಿನ ನನ್ನ ವರದಿ ಅಚ್ಚಾಗಿ ಬಂತು. ಮಿಣಿ ಹಿಡಿದು ಎಳೆದೆಳೆದು ಅಂಗೈ ಸುಲಿದುಕೊಂಡಿದ್ದ ಹಿರಿಯರೊಬ್ಬರು ಅದನ್ನು ಓದಿಸಿ ಕೇಳಿ, "ಸ್ವಾಮಿ, ತಮ್ಮ ತೇರು ಸುಖವಾಗಿ ಮುಟ್ಟಿತಲ್ಲ, ಸಂತೋಷ, ನಮ್ಮದು ಇನ್ನೂ ಅಲ್ಲಿಯೇ ಇದೆ, ಬಂದು ಒಂದು ಕೈ ಹಚ್ಚಿರಿ" ಎಂದರು. ಅಂದು ಅವರು ನಗಲಿಲ್ಲ. ನನಗೂ ನಗು ಬರಲಿಲ್ಲ. ಅವರ ಎರಡು ದಿನದ ದುಡಿತವನ್ನು ನನ್ನ ಒಂದು ವಾಕ್ಯವು ಅಳಿಸಿಹಾಕಿತ್ತು. ಟ್ರುಮನ್ನರ ಚಿತ್ರವನ್ನು ನೋಡುವಾಗಲೆಲ್ಲ ನನಗೆ ಆ ಹಿರಿಯರ ಅಂಗೈ ನೆನಪಾಗುತ್ತದೆ.

ಇನ್ನೊಂದು ಮಾತನ್ನು ಹೇಳಿ ವಿರಮಿಸುತ್ತೇನೆ. ಈ ಸಂಪುಟವು ಮಹೋತ್ಸವದ ದಿನ ವಾಚಕರ ಕೈಸೇರಬೇಕಾದುದರಿಂದ ಮಹೋತ್ಸವಕ್ಕೆ ಮುಂಚೆಯೇ ಅಚ್ಚಿಗೆ ಹೋಗುತ್ತಿದೆ. ಉತ್ಸವವು ವಿಜೃಂಭಣೆಯಿಂದ ನೆರವೇರಿತೆಂದು ಲೇಖನದ ಕೊನೆಗೆ ಒಂದು ವಾಕ್ಯವನ್ನು ಸೇರಿಸಬಹುದಲ್ಲವೆ ಎಂದು ಸಂಪಾದಕರಲ್ಲೊಬ್ಬರು ವಿಶ್ವಾಸದಿಂದ ಸೂಚಿಸಿದರು. ಅವರ ಸೂಚನೆಯನ್ನು ನಾನು ಭಕ್ತಿಯಿಂದ ಕೇಳಿದೆನು, ಪಾಲಿಸಲಿಲ್ಲ. ಉತ್ಸವವು ನಿರ್ವಿಘ್ನವಾಗಿ ನೆರವೇರಲಿ ಎಂದು ಪ್ರಾರ್ಥಿಸುತ್ತೇನೆ. ನೆರವೇರಿತೋ ಇಲ್ಲವೋ ಎಂಬದನ್ನು ಈ ಪುಸ್ತಕವನ್ನು ಕೈಯಲ್ಲಿ ಹಿಡಿದಿರುವ ವಾಚಕರು ತಮ್ಮ ಕಣ್ಣಾರೆ ನೋಡಿ ಹೇಳಬೇಕು.